ಲೂಣಕರಣಸರ್ ಕೆರೆ ಬತ್ತಿದ್ದು ಹರಪ್ಪಕ್ಕಿಂತ 200 ವರ್ಷ ಮೊದಲೋ, 1000 ವರ್ಷ ಮೊದಲೋ? ಇಸವಿ ಕೂಡಿಬರುತ್ತಿಲ್ಲ

ಓದುಗ_ಹಾಸನ

ಬಿಕಾನೇರ್ ಜಿಲ್ಲೆಯ ಲೂಣಕರಣಸರ್ ಒಣಕೆರೆಯ ಹೂಳಿನ ಬಗ್ಗೆ ಎಂಜೆಲ್ ಮತ್ತು ಸಂಗಡಿಗರು 1999ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದದ್ದನ್ನು ಓದುತ್ತಿದ್ದೇನೆ. ಕೆರೆ 6300ರ ಹೊತ್ತಿಗೆ ದಿಢೀರನೆ ಏರಿತು, 4800ರ ಹೊತ್ತಿಗೆ ಪೂರ್ತಿ ಬತ್ತಿತು ಎಂದಿದೆ. ಹರಪ್ಪದ ನಗರಗಳ ಕಾಲ ಕ್ರಿ.ಪೂ. 2600ರಿಂದ 1900. ಅಂದರೆ ಸುಮಾರು 4600 ವರ್ಷ ಹಿಂದೆ ಶುರು. 4800ರಲ್ಲಿ 4600 ಕಳೆದರೆ 200. ಆದರೆ ಕೆರೆ ಬತ್ತಿ ಸಾವಿರ ವರ್ಷವಾದ ಮೇಲೆ ನಗರಗಳು ಬಂದವು ಎಂದು ಅದೇ ಲೇಖನದಲ್ಲಿದೆ. ಉಳಿದ 800 ವರ್ಷ ಎಲ್ಲಿ ಹೋಯಿತು?

ಗುರುದೀಪ್ ಸಿಂಗ್ 1971ರಲ್ಲಿ ಇದೇ ಸೀಮೆಯ ಉಪ್ಪುಕೆರೆಗಳ ಪರಾಗ ನೋಡಿ ಹೇಳಿದ್ದು ಉಲ್ಟಾ. ಮಳೆ ಹೆಚ್ಚಿದ್ದಾಗ ಹರಪ್ಪ ಬೆಳೆಯಿತು, ಕಡಿಮೆಯಾದಾಗ ಕುಸಿಯಿತು ಎಂದು. ಯಾರದು ಸರಿ? ಹರಪ್ಪಕ್ಕಿಂತ ಬಹಳ ಹಿಂದೆಯೇ ಈ ಕೆರೆಗಳ ದಂಡೆಯಲ್ಲಿ ಜನ ಇದ್ದರೇ?

ಕೆಸರುಪದರ

800 ವರ್ಷ ಎಲ್ಲೂ ಹೋಗಿಲ್ಲ. ಸೇರಿನಲ್ಲಿ ಅಳೆದದ್ದರಿಂದ ಕಿಲೋದಲ್ಲಿ ತೂಗಿದ್ದನ್ನು ಕಳೆದಿದ್ದೀರಿ, ಅಷ್ಟೆ.

ಲೇಖನದ 6300, 4800 ಎರಡೂ ಕಾರ್ಬನ್-14 ವರ್ಷಗಳು, ಅಂದರೆ ಸತ್ತ ಗಿಡ-ಪ್ರಾಣಿಯಲ್ಲಿ ಕ್ರಮೇಣ ಕ್ಷಯಿಸುವ ಕಾರ್ಬನ್-14 ಎಷ್ಟು ಉಳಿದಿದೆ ಎಂದು ಅಳೆದು ಹಾಕಿದ ಲೆಕ್ಕ. ಕ್ಯಾಲೆಂಡರ್ ವರ್ಷಗಳಲ್ಲ. ಕಾರ್ಬನ್ ವರ್ಷ ಲೆಕ್ಕ ಹಾಕುವಾಗ ಗಾಳಿಯಲ್ಲಿನ ಕಾರ್ಬನ್-14 ಎಂದೆಂದೂ ಒಂದೇ ಮಟ್ಟದಲ್ಲಿತ್ತು ಎಂದು ಹಿಡಿಯುತ್ತಾರೆ. ಹಾಗಿರಲಿಲ್ಲ. ಭೂಮಿಯ ಕಾಂತಕ್ಷೇತ್ರ, ಸೂರ್ಯನ ಚಟುವಟಿಕೆ, ಸಮುದ್ರದ ಹರಿವು ಎಲ್ಲವೂ ಅದನ್ನು ಏರುಪೇರು ಮಾಡಿವೆ. ಮರದ ಉಂಗುರಗಳನ್ನು ಒಂದೊಂದಾಗಿ ಎಣಿಸಿ ಮಾಡಿದ ರೇಖೆಗೆ ಹಚ್ಚಿ ತಿದ್ದಿದ ಮೇಲೆಯೇ ಕ್ಯಾಲೆಂಡರ್ ವರ್ಷ ಸಿಗುವುದು.

6300 ಕಾರ್ಬನ್ ವರ್ಷ ತಿದ್ದಿದರೆ ಸುಮಾರು 7200 ವರ್ಷ ಹಿಂದೆ.
4800 ತಿದ್ದಿದರೆ ಸುಮಾರು 5500 ವರ್ಷ ಹಿಂದೆ, ಅಂದರೆ ಕ್ರಿ.ಪೂ. 3550ರ ಆಸುಪಾಸು.

ಇಲ್ಲಿ ‘ಹಿಂದೆ’ ಅಂದರೆ 1950ರಿಂದ ಹಿಂದೆ, ಇವತ್ತಿನಿಂದಲ್ಲ. ಈಗ 3550ರಲ್ಲಿ 2600 ಕಳೆಯಿರಿ. 950. ಲೇಖನದ ‘ಸಾವಿರ ವರ್ಷ’ ಇದೇ. ಇನ್ನೊಂದು ಗಮನಿಸಿ: ಕಾರ್ಬನ್ ವರ್ಷದಲ್ಲಿ 1500 ವರ್ಷವಿದ್ದ ಒದ್ದೆಕಾಲ ತಿದ್ದಿದ ಮೇಲೆ 1700 ಆಯಿತು. ಅಂತರವೂ ಹಿಗ್ಗುತ್ತದೆ. ಹಾಗಾಗಿ ‘ಎಲ್ಲಕ್ಕೂ 700 ಸೇರಿಸಿಬಿಡೋಣ’ ಎಂಬ ಅಡ್ಡದಾರಿ ನಡೆಯುವುದಿಲ್ಲ.

ತಿದ್ದುವುದಕ್ಕೆ ಆಕ್ಸ್‌ಕ್ಯಾಲ್, ಕ್ಯಾಲಿಬ್ ಎಂಬ ಉಚಿತ ತಂತ್ರಾಂಶಗಳಿವೆ. ನಮ್ಮ ಕಡೆಯ ಮಾದರಿಗೆ ಇಂಟ್‌ಕ್ಯಾಲ್-20 ರೇಖೆ ಆರಿಸಬೇಕು. ವಯಸ್ಸು, ಅದರ ಹೆಚ್ಚು-ಕಡಿಮೆ ಎರಡನ್ನೂ ಕೊಡಬೇಕು. ಬರುವ ಉತ್ತರ ಒಂದು ಇಸವಿಯಲ್ಲ, ವ್ಯಾಪ್ತಿ. ಹೆಚ್ಚು-ಕಡಿಮೆ 50 ವರ್ಷ ಎಂದಿದ್ದರೂ ವ್ಯಾಪ್ತಿ ಶತಮಾನ ದಾಟುತ್ತದೆ, ಕೆಲವೊಮ್ಮೆ ಎರಡು ತುಂಡಾಗಿಯೂ ಬರುತ್ತದೆ. ನಡುವಿನ ಒಂದು ಇಸವಿ ಹೆಕ್ಕಿ ‘ಇದೇ’ ಎನ್ನಬೇಡಿ.

ಕೆರೆ ಹೂಳಿಗೆ ಮಾತ್ರ ಬರುವ ತೊಂದರೆ ಒಂದಿದೆ. ಥಾರ್‌ನ ನೆಲದ ತುಂಬ ಸುಣ್ಣದ ಗಂಟು, ಅವರು ಕಂಕರ್ ಅನ್ನುತ್ತಾರೆ. ಅದರ ಕಾರ್ಬನ್ ಹಳೆಯದು, ಅದರಲ್ಲಿ ಕಾರ್ಬನ್-14 ಬಹುಮಟ್ಟಿಗೆ ಸತ್ತಿರುತ್ತದೆ. ಅದು ನೀರಿಗೆ ಕರಗಿ ಪಾಚಿಯ ಮೈಗೆ, ಶಂಖದ ಚಿಪ್ಪಿಗೆ ಸೇರಿದರೆ ನಿನ್ನೆ ಸತ್ತ ಪಾಚಿಯೂ ನೂರಾರು ವರ್ಷ ಹಳೆಯದಾಗಿ ತೋರುತ್ತದೆ. ಹಾಗೆಂದೇ ಬರೀ ಕೆಸರಿನ ವಯಸ್ಸಿಗಿಂತ ಇದ್ದಿಲ ಚೂರು, ನೆಲದ ಗಿಡದ ಬೀಜಕ್ಕೆ ಬೆಲೆ ಹೆಚ್ಚು. ಆಮೇಲೆ ಬೆಳೆದ ಗಿಡದ ಬೇರು ಕೆಳಗಿಳಿದಿದ್ದರೆ ತಪ್ಪು ಎದುರು ದಿಕ್ಕಿಗೆ: ಹಳೆಯ ಪದರ ಎಳೆಯದಾಗಿ ಕಾಣುತ್ತದೆ.

ಓದುಗ_ಹಾಸನ

ಈಗ ಅರ್ಥವಾಯಿತು, ಥ್ಯಾಂಕ್ಸ್. ಹಾಗಾದರೆ ಗುರುದೀಪ್ ಸಿಂಗ್ ಹೇಳಿದ್ದು ಪೂರಾ ತಪ್ಪೇ?

ಪರಾಗಕಣ

ತಪ್ಪು ಎಂದು ಮೂಲೆಗೆ ಸರಿಸುವ ಹಾಗಿಲ್ಲ. ಸಾಂಭರ್, ಡೀಡವಾಣಾ, ಲೂಣಕರಣಸರ್ ಎಂಬ ಮೂರು ಉಪ್ಪುಕೆರೆ, ಜೊತೆಗೆ ಪುಷ್ಕರದ ಸಿಹಿನೀರು. ಇವಿಷ್ಟರ ಪರಾಗ ಎಣಿಸಿ ಸಿಂಗ್ ಮತ್ತು ಸಂಗಡಿಗರು 1974ರಲ್ಲಿ ವಿವರವಾಗಿ ಪ್ರಕಟಿಸಿದರು. ಮರುಭೂಮಿ ಒಂದು ಕಾಲಕ್ಕೆ ಹೀಗಿರಲಿಲ್ಲ ಎಂಬುದನ್ನು ಗಿಡಗಳ ಬಾಯಿಂದಲೇ ಹೇಳಿಸಿದ್ದು ಅವರು. ಎಡವಿದ್ದು ಕಾಲದ ಲೆಕ್ಕದಲ್ಲಿ. ಉದ್ದನೆಯ ಹೂಳಿಗೆ ಕೈಬೆರಳೆಣಿಕೆಯ ಕಾರ್ಬನ್ ವಯಸ್ಸು ಇದ್ದವು, ನಡುವಿನದನ್ನು ಹೂಳು ಒಂದೇ ವೇಗದಲ್ಲಿ ತುಂಬಿತು ಎಂದು ಹಿಡಿದು ಅಂದಾಜಿಸಿದ್ದು. ಆದರೆ ಬತ್ತಿದ ಕೆರೆಯ ತಳವನ್ನು ಗಾಳಿ ಕೆರೆದುಕೊಂಡು ಹೋಗುತ್ತದೆ. ಅಲ್ಲಿ ಪುಟಗಳೇ ಹರಿದಿರುತ್ತವೆ.

ಪರಾಗ ತೆಗೆಯುವ ಕ್ರಮ ಗೊತ್ತಿದ್ದರೆ ಯಾವುದನ್ನು ಎಷ್ಟು ನಂಬಬೇಕೆಂದು ತಿಳಿಯುತ್ತದೆ. 1ರಿಂದ 2 ಘನ ಸೆಂ.ಮೀ. ಹೂಳು ಸಾಕು. ಅದಕ್ಕೆ ಲೈಕೋಪೋಡಿಯಂ ಎಂಬ ಗಿಡದ ಬೀಜಾಣುಗಳ ಮಾತ್ರೆ ಹಾಕುತ್ತಾರೆ. ಮಾತ್ರೆಯಲ್ಲಿ ಎಷ್ಟು ಬೀಜಾಣು ಇವೆಯೆಂದು ಮೊದಲೇ ಗೊತ್ತಿರುವುದರಿಂದ, ಎಣಿಸುವಾಗ ಅವು ಎಷ್ಟು ಸಿಕ್ಕವು ಎಂಬುದರಿಂದ ಒಟ್ಟು ಪರಾಗದ ಲೆಕ್ಕ ಸಿಗುತ್ತದೆ. ಸುಣ್ಣ ಕರಗಲು 10% ಹೈಡ್ರೋಕ್ಲೋರಿಕ್ ಆಮ್ಲ. ಇದ್ದಕ್ಕಿದ್ದಂತೆ ಸುರಿದರೆ ನೊರೆಯುಕ್ಕಿ ಮಾದರಿ ನಳಿಕೆಯಿಂದ ಹೊರಗೆ ಹೋಗುತ್ತದೆ, ಹನಿಹನಿಯಾಗಿ ಹಾಕಬೇಕು. ಆಮೇಲೆ 10% ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಲ್ಲಿ ಬಿಸಿನೀರಿನ ಮೇಲಿಟ್ಟು ಸುಮಾರು 10 ನಿಮಿಷ. ಮರಳಿನ ಕಣ ಕರಗಲು ಹೈಡ್ರೋಫ್ಲೋರಿಕ್ ಆಮ್ಲ. ಇದು ಗಾಜನ್ನೂ ತಿನ್ನುತ್ತದೆ, ಮೂಳೆಯನ್ನೂ. ಪ್ಲಾಸ್ಟಿಕ್ ನಳಿಕೆಯೇ ಆಗಬೇಕು. ಕೊನೆಗೆ ಅಸಿಟಿಕ್ ಅನ್‌ಹೈಡ್ರೈಡ್ 9 ಪಾಲು, ಗಂಧಕಾಮ್ಲ 1 ಪಾಲು ಬೆರೆಸಿ 3ರಿಂದ 5 ನಿಮಿಷ. ಈ ಮಿಶ್ರಣಕ್ಕೆ ನೀರು ತಾಗಿದರೆ ಸಿಡಿಯುತ್ತದೆ, ಅದಕ್ಕೇ ಮೊದಲು ಗ್ಲೇಸಿಯಲ್ ಅಸಿಟಿಕ್ ಆಮ್ಲದಲ್ಲಿ ತೊಳೆದು ನೀರಿನ ಪಸೆ ತೆಗೆಯುವುದು. ಒಂದು ಮಾದರಿಗೆ ಕಡಿಮೆಯೆಂದರೆ 300 ಕಣ ಎಣಿಸಬೇಕು.

ಇಷ್ಟೆಲ್ಲ ಮಾಡಿದ ಮೇಲೂ ಉಪ್ಪುಕೆರೆಯ ಪರಾಗ ಮೋಸ ಮಾಡುವ ಜಾಗಗಳಿವೆ.

ದಂಟಿನ ಸೊಪ್ಪಿನ ಬಳಗದ ಗಿಡಗಳ ಪರಾಗ ಹೆಚ್ಚಾದರೆ ‘ಒಣಹವೆ’ ಎಂದು ಬರೆದುಬಿಡುತ್ತಾರೆ. ಆದರೆ ಈ ಗಿಡಗಳು ಚೌಳು ನೆಲದಲ್ಲಿ ಸೊಂಪಾಗಿ ಬೆಳೆಯುತ್ತವೆ. ಕೆರೆ ಒಂದು ಗಜ ಇಳಿದು ಸುತ್ತ ಚೌಳು ಪಟ್ಟಿ ತೆರೆದುಕೊಂಡರೂ ಸಾಕು, ಊರೆಲ್ಲ ಮಳೆ ಸರಿಯಾಗಿಯೇ ಬಿದ್ದಿದ್ದರೂ ಈ ಪರಾಗ ಏರುತ್ತದೆ. ಇನ್ನು ಬನ್ನಿ. ಹೌದು, ನಾವು ದಸರಾದಲ್ಲಿ ಪೂಜೆ ಮಾಡುವ ಅದೇ ಬನ್ನಿ, ರಾಜಸ್ಥಾನದ ಖೇಜಡಿ. ಅದರ ಪರಾಗವನ್ನು ಜೇನು ಒಯ್ಯುತ್ತದೆ, ಗಾಳಿಯಲ್ಲ. ಹಾಗಾಗಿ ಸುತ್ತ ಬನ್ನಿಕಾಡೇ ಇದ್ದರೂ ಕೆಸರಿನಲ್ಲಿ ಕಣ ಕಡಿಮೆ. ಹುಲ್ಲಿನದು ಗಾಳಿಪರಾಗ, ಸುರಿಮಳೆಯಂತೆ ಬೀಳುತ್ತದೆ. ಎರಡರ ಶೇಕಡಾ ಲೆಕ್ಕವನ್ನು ಪಕ್ಕಪಕ್ಕ ಇಟ್ಟು ನೇರ ಹೋಲಿಸಬಾರದು.

ಸಿಂಗ್ 9500 ಕಾರ್ಬನ್ ವರ್ಷದ ಸುಮಾರಿಗೆ ಇದ್ದಿಲ ಕಣಗಳನ್ನೂ ‘ಧಾನ್ಯದ ಮಾದರಿ’ ಹುಲ್ಲಿನ ಪರಾಗವನ್ನೂ ಕಂಡು, ಜನ ಕುರುಚಲು ಸುಟ್ಟು ಏನೋ ಬಿತ್ತುತ್ತಿದ್ದರು ಎಂದು ಸೂಚಿಸಿದರು. ತಿದ್ದಿದರೆ ಇದು 10,700ರ ಆಸುಪಾಸು ಹೋಗುತ್ತದೆ. ಬಲೂಚಿಸ್ತಾನದ ಮೆಹರ್‌ಗಢದ ಬೇಸಾಯವೇ ಕ್ರಿ.ಪೂ. 7000ರ ಸುಮಾರಿನದು, ಇದು ಅದಕ್ಕೂ ಹಿಂದೆ. ನನಗೆ ಒಪ್ಪಿಗೆಯಿಲ್ಲ. ‘ಧಾನ್ಯದ ಮಾದರಿ’ ಎಂದು ಗುರುತಿಸುವುದು ಕಣದ ಗಾತ್ರ, ರಂಧ್ರದ ಸುತ್ತಿನ ಬಳೆಯ ಅಗಲ ನೋಡಿ. ಆ ಗಾತ್ರದ ಪರಾಗ ಕಾಡುಹುಲ್ಲುಗಳಲ್ಲೂ ಉಂಟು. ಇದ್ದಿಲಂತೂ ಸಿಡಿಲಿನಿಂದಲೂ ಬರುತ್ತದೆ.

ನೀರಿನಲೆಕ್ಕ

‘ಕೆರೆ ತುಂಬಿತು ಅಂದರೆ ಮಳೆ ದುಪ್ಪಟ್ಟಾಯಿತು’ ಎಂದುಕೊಳ್ಳುವವರಿಗೆ ಒಂದು ಚಿಕ್ಕ ಲೆಕ್ಕ. ಕೋಡಿ ಇಲ್ಲದ ಕೆರೆ ಎಷ್ಟಗಲ ನಿಲ್ಲುತ್ತದೆ? ಮೇಲಿಂದ ಆವಿಯಾಗುವ ನೀರು, ಹರಿದು ಬರುವ ನೀರು ಸಮ ಆಗುವವರೆಗೆ. ಸಂಖ್ಯೆಗಳು ಉದಾಹರಣೆಗಷ್ಟೆ:

ಆವಿ ವರ್ಷಕ್ಕೆ 2000 ಮಿ.ಮೀ., ಮಳೆ 300 ಮಿ.ಮೀ., ಬಿದ್ದ ಮಳೆಯಲ್ಲಿ ಹರಿದು ಬರುವುದು 5%. ಕೆರೆಯ ಮೇಲೆ ಕೊರತೆ 2000 − 300 = 1700. ಜಲಾನಯನದಿಂದ ಬರುವುದು 15 ಮಿ.ಮೀ. 1700 ÷ 15 = 113. ಒಂದು ಎಕರೆ ಕೆರೆಗೆ 113 ಎಕರೆ ನೆಲದ ನೀರು ಬೇಕು.

ಮಳೆ 500 ಆಯಿತೆನ್ನಿ, ಹರಿವು 10%. ಕೊರತೆ 1500, ಬರುವುದು 50. 1500 ÷ 50 = 30. ಅದೇ ನೆಲ ಈಗ ಸುಮಾರು 4 ಪಟ್ಟು ದೊಡ್ಡ ಕೆರೆ ಹೊರುತ್ತದೆ. ಮಳೆ ಹೆಚ್ಚಿದ್ದು ಎರಡು ಪಟ್ಟೂ ಇಲ್ಲ! ಬತ್ತುವಾಗಲೂ ಇದೇ ಆಟ. ಕೆರೆ ಸತ್ತಿತು ಎಂದರೆ ಊರಿನ ಮಳೆಯೇ ಸತ್ತಿತು ಎಂದಲ್ಲ.

ಲೂಣಕರಣಸರ್‌ನಂಥ ಕೆರೆ ಅಂತರ್ಜಲದ ಮಟ್ಟವನ್ನು ತೋರಿಸುತ್ತದೆ. ಅಂತರ್ಜಲ ನಿಧಾನಕ್ಕೆ ಏರಿ ನಿಧಾನಕ್ಕೆ ಇಳಿಯುವ ಕಾರಣ ಒಂದೆರಡು ವರ್ಷದ ಬರ ಹೂಳಿನಲ್ಲಿ ಕಾಣದೇ ಹೋಗಬಹುದು. ಬೇಟೆಗಾರ ಕುಟುಂಬಕ್ಕೆ ಮಾತ್ರ ಆ ಎರಡು ವರ್ಷವೇ ಸಾವು-ಬದುಕು.

ಮಳೆ ಯಾವ ತಿಂಗಳಲ್ಲಿ ಬಿತ್ತು ಎಂಬುದೂ ಮುಖ್ಯ. ಚಳಿಗಾಲದಲ್ಲಿ ಪಶ್ಚಿಮದ ಮೋಡ ತರುವ 50 ಮಿ.ಮೀ. ಆವಿಯಾಗುವುದು ಕಡಿಮೆ, ನೆಲಕ್ಕೆ ಇಳಿಯುವುದು ಹೆಚ್ಚು. ಕೆರೆಯ ಮಟ್ಟ ಒಂದನ್ನೇ ನೋಡಿ ಅದು ಮುಂಗಾರೋ ಚಳಿಮಳೆಯೋ ಹೇಳಲಾಗದು.

ಕೆಸರುಪದರ

@ನೀರಿನಲೆಕ್ಕ ಒಪ್ಪಿದೆ. ಹೂಳಿನಲ್ಲಿ ಮಟ್ಟ ಓದುವ ಬಗೆಯನ್ನೂ ಸೇರಿಸುತ್ತೇನೆ. ನೀರು ಆಳವಿದ್ದಾಗ ತೆಳು ಎಳೆ ಎಳೆಯಾದ ಜೇಡಿ. ಇಂಗುತ್ತಾ ಹೋದಂತೆ ಮೊದಲು ಸುಣ್ಣ, ಆಮೇಲೆ ಜಿಪ್ಸಂ, ಕೊನೆಗೆ ಅಡುಗೆ ಉಪ್ಪು. ಸಮುದ್ರದ ನೀರಾದರೆ 3-4 ಪಟ್ಟು ಗಟ್ಟಿಯಾದಾಗ ಜಿಪ್ಸಂ, 10-11 ಪಟ್ಟಿಗೆ ಉಪ್ಪು ಕಟ್ಟುತ್ತದೆ. ಥಾರ್‌ನ ಕೆರೆಗಳ ಲವಣಮಿಶ್ರಣ ಬೇರೆ, ಡೀಡವಾಣಾದಲ್ಲಿ ಸೋಡಿಯಂ ಸಲ್ಫೇಟ್ ಬಹಳ, ಆದರೂ ಅನುಕ್ರಮ ಹೆಚ್ಚುಕಡಿಮೆ ಹೀಗೇ. ಪೇಚು ಎಲ್ಲೆಂದರೆ, ಉಪ್ಪಿನ ಪದರವನ್ನು ಮುಂದಿನ ಮಳೆಗಾಲ ಕರಗಿಸಿಬಿಡುತ್ತದೆ. ತೀರ ಒಣಗಿದ ವರ್ಷಗಳ ಸಾಕ್ಷಿಯೇ ಮೊದಲು ಅಳಿಯುವುದು.

ಚಕ್ಕೆಕಲ್ಲು

ಮೂರನೇ ಪ್ರಶ್ನೆ ಹಾಗೇ ಉಳಿದಿದೆ. ಜನ ಇದ್ದರೇ? ಇದ್ದರು, ಹರಪ್ಪದವರು ನಮಗೆ ಎಷ್ಟು ಹಿಂದಿನವರೋ ಅದರ ಮೂವತ್ತೆಂಟು ಪಟ್ಟು ಹಿಂದೆಯೇ ಇದ್ದರು.

ಡೀಡವಾಣಾ ಪಟ್ಟಣದ ಹತ್ತಿರ ಸಿಂಗಿ ತಾಲಾವ್ ಎಂಬ ನೆಲೆ ಇದೆ. ಪುಣೆಯ ಡೆಕ್ಕನ್ ಕಾಲೇಜಿನ ವಿ.ಎನ್. ಮಿಶ್ರ ಅವರ ತಂಡ ಅಗೆದದ್ದು. ಆಳವಿಲ್ಲದ ನೀರಿನಂಚಿನ ಸುಣ್ಣಮಿಶ್ರಿತ ಜೇಡಿಯಲ್ಲಿ ಕೈಗೊಡಲಿಗಳು ಸಿಕ್ಕಿವೆ, ಅಂದರೆ ಎರಡೂ ಬದಿ ಕೆತ್ತಿದ, ಅಶೂಲಿಯನ್ ಎಂಬ ಹಳೆಶಿಲಾಯುಗದ ಬಗೆಯವು. 2021ರಲ್ಲಿ ಬ್ಲಿಂಕ್‌ಹಾರ್ನ್ ಮತ್ತು ಸಂಗಡಿಗರು ಕೊಟ್ಟ ವಯಸ್ಸು ಸುಮಾರು 1,77,000 ವರ್ಷ. ಕೈಗೊಡಲಿಗಳ ನಡುವೆ ಆರು ಬೆಣಚು ಹರಳುಗಳೂ ಇದ್ದವು. ಒಂದರಿಂದಲೂ ಉಪಕರಣ ಮಾಡುವಂತಿಲ್ಲ, ತೀರ ಸಣ್ಣವು. ಯಾರೋ ಹೊಳೆಯುತ್ತದೆ ಎಂದು ಹೆಕ್ಕಿ ತಂದಿಟ್ಟಿದ್ದು. ಕಲ್ಲಿನ ಕೋನ ಅಳೆದು ಅಳೆದು ಬೇಸತ್ತವರಿಗೆ ಇಂಥದ್ದೊಂದು ಸಿಕ್ಕರೆ ಸಮಾಧಾನ.

1,77,000 ಎಂಬ ಸಂಖ್ಯೆಯನ್ನು ಹವೆಯ ಕಾಲಪಟ್ಟಿಯ ಪಕ್ಕ ಇಡಿ. 1,91,000ದಿಂದ 1,30,000ದವರೆಗೆ ಹಿಮಯುಗದ ಒಂದು ಹಂತ. ಅಂದರೆ ಮುಂಗಾರು ಸೊರಗಿದ್ದ ದೀರ್ಘ ಹಂತದ ಒಳಗೇ ಜನ ಇಲ್ಲಿದ್ದಾರೆ. ‘ಮಳೆ ಬಂದಾಗ ಬಂದರು, ಒಣಗಿದಾಗ ಹೋದರು’ ಎಂಬ ಸರಳ ಕಥೆ ಇಲ್ಲೇ ಮುರಿಯುತ್ತದೆ.

ಅದೇ ಸೀಮೆಯ ಕಟೋಟಿಯಲ್ಲಿ ಮಧ್ಯ ಹಳೆಶಿಲಾಯುಗದ ಚಕ್ಕೆಗಳು ಸುಮಾರು 96,000 ವರ್ಷ ಹಿಂದಿನಿಂದ ಸಿಗುತ್ತವೆ. ಇವರು ಆಫ್ರಿಕಾದಿಂದ ಹೊರಟ ನಮ್ಮದೇ ಕುಲದವರಿರಬಹುದು ಎಂಬ ವಾದ ಇದೆ. ಮೂಳೆ ಸಿಕ್ಕಿಲ್ಲ, ಬರೀ ಕಲ್ಲು ನೋಡಿ ಕುಲ ಹೇಳುವುದರಲ್ಲಿ ನನಗೆ ನಂಬಿಕೆ ಕಡಿಮೆ.

ಮರುಭೂಮಿಯಲ್ಲಿ ಹೆಚ್ಚು ಜನ ಎಡವುವ ಕಡೆ ಯಾವುದೆಂದರೆ, ಗಾಳಿ ಮರಳನ್ನು ಒಯ್ಯುತ್ತದೆ, ಕಲ್ಲನ್ನು ಒಯ್ಯಲಾರದು. 1 ಲಕ್ಷ ವರ್ಷದ ಪದರದ ಕೈಗೊಡಲಿ, 8000 ವರ್ಷದ ಪದರದ ಸೂಕ್ಷ್ಮಶಿಲೆ (ತೀರ ಸಣ್ಣ ಕಲ್ಲಿನ ಉಪಕರಣ) ಎರಡೂ ಇಳಿಯುತ್ತಾ ಬಂದು ಒಂದೇ ನೆಲದ ಮೇಲೆ ಕೂರುತ್ತವೆ. ಮೇಲಿಂದ ಹೆಕ್ಕಿದವನಿಗೆ ಅಕ್ಕಪಕ್ಕದ ಮನೆಯವರಂತೆ ಕಾಣುತ್ತವೆ. ಒಂದೇ ಕಾಲದ ನೆಲೆ ಹೌದೋ ಅಲ್ಲವೋ ನೋಡಲು ಚಕ್ಕೆಗಳನ್ನು ಅವು ಎದ್ದ ತಿರುಳುಗಲ್ಲಿಗೆ ಮರಳಿ ಕೂರಿಸಿ ನೋಡಬೇಕು. 2 ಸೆಂ.ಮೀ.ಗಿಂತ ಸಣ್ಣ ಚೂರು ಸಾಕಷ್ಟಿವೆಯೇ ನೋಡಬೇಕು. ಕಲ್ಲು ಕೆತ್ತಿದ ಜಾಗದಲ್ಲಿ ಸಣ್ಣ ಚೂರೇ ರಾಶಿ ಬೀಳುತ್ತದೆ, ಅದು ಇಲ್ಲವೆಂದರೆ ನೀರೋ ಗಾಳಿಯೋ ಒಯ್ದಿದೆ. ಅಂಚು ಗಾಳಿಯ ಮರಳಿಗೆ ಉಜ್ಜಿ ಮಿರುಗುತ್ತಿದ್ದರೆ ಬಹುಕಾಲ ಬಯಲಲ್ಲಿ ಬಿದ್ದಿತ್ತೆಂದು ಅರ್ಥ. ಸೂಕ್ಷ್ಮಶಿಲೆಯ ನೆಲೆಗೆ 5 ಮಿ.ಮೀ. ಜರಡಿ ಹಿಡಿದರೆ ಅರ್ಧಕ್ಕರ್ಧ ಸೋರಿಹೋಗುತ್ತದೆ. 2 ಮಿ.ಮೀ. ಬೇಕು.

ಸುರಪುರದವ

ನಮ್ಮ ಇಸಾಂಪುರದ ಕೈಗೊಡಲಿಗಿಂತ ಇವು ಹೊಸವಲ್ಲವೇ? ಅಲ್ಲಿ 12 ಲಕ್ಷ ವರ್ಷ ಎಂದು ಕೇಳಿದ್ದೆ.

ಚಕ್ಕೆಕಲ್ಲು

ಹೌದ್ರಿ. ಹುಣಸಗಿ ಕಣಿವೆಯ ಇಸಾಂಪುರವನ್ನು ಅಗೆದವರು ಅದೇ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ. ಅಲ್ಲಿನ ಪ್ರಾಣಿಯ ಹಲ್ಲಿಗೆ ಇಎಸ್‌ಆರ್ ವಿಧಾನದಿಂದ (ಹಲ್ಲಿನಲ್ಲಿ ಜಮೆಯಾದ ವಿಕಿರಣ ಅಳೆಯುವುದು) 12 ಲಕ್ಷದ ಸುಮಾರಿನ ವಯಸ್ಸು ಬಂತು. ಹಾಗೆ ನೋಡಿದರೆ ಸಿಂಗಿ ತಾಲಾವ್ ಕೈಗೊಡಲಿಯ ಸಂಪ್ರದಾಯದ ಕೊನೆಯ ತಲೆಮಾರು. ಇಸಾಂಪುರ ಸುಣ್ಣಕಲ್ಲಿನ ಹಾಸು ಎದ್ದು ನಿಂತ ಜಾಗ, ಕಲ್ಲು ಕಾಲಡಿಯಲ್ಲೇ ಸಿಗುತ್ತಿತ್ತು, ಅಲ್ಲೇ ಕೆತ್ತಿದರು. ಡೀಡವಾಣಾದ ಮರಳು-ಜೇಡಿಯಲ್ಲಿ ಅಂಥ ಕಲ್ಲಿಲ್ಲ. ಬಂಡೆಗುಡ್ಡದಿಂದ ಹೊತ್ತೇ ತರಬೇಕು. ಮರಳು ಸೀಮೆಯಲ್ಲಿ ನೀರಿನಷ್ಟೇ ಕಲ್ಲೂ ಜನರ ಓಡಾಟವನ್ನು ಕಟ್ಟಿಹಾಕುತ್ತದೆ.

ಮರಳುದಿಬ್ಬ

ಡೀಡವಾಣಾ ಎಂದ ಮೇಲೆ ‘16ಆರ್’ ದಿಬ್ಬವನ್ನು ಬಿಟ್ಟಿದ್ದು ಸರಿಯಲ್ಲ. ಒಂದೇ ಮರಳುದಿಬ್ಬದಲ್ಲಿ ಹತ್ತಿರ ಹತ್ತಿರ 20 ಮೀಟರ್ ಆಳಕ್ಕೆ ಕಂದಕ ತೋಡಿದ್ದಾರೆ. ಮರಳು, ಸುಣ್ಣಗಂಟಿನ ಪಟ್ಟಿ, ಮರಳು, ಮತ್ತೆ ಸುಣ್ಣಗಂಟು. ಮರಳು ದಿಬ್ಬ ಬೆಳೆದ ಕಾಲ. ಸುಣ್ಣಗಂಟು ದಿಬ್ಬ ನಿಂತು ಹುಲ್ಲು ಕಟ್ಟಿಕೊಂಡು ಮಣ್ಣಾದ ಕಾಲ. ನಡುನಡುವೆ ಶಿಲಾಯುಗದ ಉಪಕರಣ. 2010ರಲ್ಲಿ ಸಿಂಘ್ವಿ ಮತ್ತು ಸಂಗಡಿಗರು ಪ್ರಕಟಿಸಿದ ಕಾಲಮಾನ ಸುಮಾರು 2 ಲಕ್ಷ ವರ್ಷದವರೆಗೆ ಹೋಗುತ್ತದೆ.

ಎಲ್ಲರೂ ತಪ್ಪು ತಿಳಿಯುವ ಸಂಗತಿ ಇದು: ದಿಬ್ಬ ಹೆಚ್ಚು ಬೆಳೆಯುವುದು ಅತ್ಯಂತ ಒಣಗಿದ ಕಾಲದಲ್ಲಿ ಅಲ್ಲ. ಥಾರ್‌ನ ಮರಳನ್ನು ತಳ್ಳುವುದು ಬೇಸಿಗೆಯ ನೈಋತ್ಯ ಗಾಳಿ, ಅದೇ ಮುಂಗಾರಿನ ಗಾಳಿ. ಹಿಮಯುಗದ ತುತ್ತತುದಿಯಲ್ಲಿ, 21,000 ವರ್ಷದ ಆಸುಪಾಸು, ನೆಲ ಒಣಗಿತ್ತು ನಿಜ, ಆದರೆ ಗಾಳಿಗೂ ತ್ರಾಣ ಇರಲಿಲ್ಲ. ಹಿಮಯುಗ ಮುಗಿಯುತ್ತಾ ಮುಂಗಾರು ಮತ್ತೆ ಬಲಗೊಂಡಾಗ ಗಾಳಿ ಮೊದಲು ಬಂತು, ಹುಲ್ಲು ಹಬ್ಬಲು ತಡವಾಯಿತು. ಆ ಸಂದಿಯಲ್ಲೇ ಮರಳು ಒಟ್ಟಿದ್ದು ಹೆಚ್ಚು. ಹಾಗಾಗಿ ‘ದಿಬ್ಬದ ಪದರ ಕಂಡಿತು, ಆದ್ದರಿಂದ ಬರ’ ಎನ್ನಬೇಡಿ.

ಈ ಮರಳಿನ ವಯಸ್ಸು ಗೊತ್ತಾಗುವುದು ಬೆಳಕಿನ ವಿಧಾನದಿಂದ. ಕಣ ಹೂತ ಮೇಲೆ ಸುತ್ತಲ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂ ವಿಕಿರಣ ಅದರಲ್ಲಿ ಜಮಾ ಆಗುತ್ತದೆ. ಬಿಸಿಲು ಬಿದ್ದರೆ ಜಮೆ ಸೊನ್ನೆ. ಒಟ್ಟು ಜಮೆಯನ್ನು ವರ್ಷದ ಜಮೆಯಿಂದ ಭಾಗಿಸಿದರೆ ವಯಸ್ಸು. ಕಂದಕದ ಗೋಡೆಯ ಮೇಲ್ಮೈ ಕೆರೆದು ಉಕ್ಕಿನ ಕೊಳವೆ ಹೊಡೆದು, ಎರಡೂ ತುದಿ ಕಪ್ಪಗೆ ಮುಚ್ಚಬೇಕು. ಕೊಳವೆಯೊಳಗೆ ಮರಳು ಸಡಿಲವಾಗಿದ್ದರೆ ಬೆಳಕು ಕಂಡ ತುದಿಯ ಕಣ ನಡುವಿನದರೊಂದಿಗೆ ಬೆರೆತು ವಯಸ್ಸು ಇಳಿಯುತ್ತದೆ. ಸುತ್ತ 30 ಸೆಂ.ಮೀ. ಒಳಗಿನ ಮಣ್ಣನ್ನೂ ಬೇರೆ ಚೀಲಕ್ಕೆ ತುಂಬಿಕೊಳ್ಳಬೇಕು, ಗಾಮಾ ಕಿರಣ ಅಷ್ಟು ದೂರದಿಂದ ತಾಗುತ್ತದೆ. ಕೊಳವೆಯ ಪಕ್ಕದಲ್ಲೇ ಸುಣ್ಣಗಂಟಿನ ಪಟ್ಟಿಯಿದ್ದರೆ ಆ ಜಾಗ ಬಿಟ್ಟು ಬೇರೆ ಆರಿಸುವುದು ಜಾಣತನ.

ಕೆರೆಯಂಚಿನ ಮಾದರಿಯಲ್ಲಿ ಕೈಕೊಡುವುದು ಪಸೆ. ನೀರು ವಿಕಿರಣವನ್ನು ಹೀರಿಕೊಳ್ಳುತ್ತದೆ. ಪಸೆ 1% ಹೆಚ್ಚು ಹಿಡಿದರೆ ವಯಸ್ಸು ಸುಮಾರು 1% ಏರುತ್ತದೆ. ಇವತ್ತು ಪದರ ಒಣಗಿ 5% ಇದೆ, ಆದರೆ ಕೆರೆ ಇದ್ದಾಗ 20% ನೆನೆದಿತ್ತು. ಯಾವುದನ್ನು ಹಿಡಿಯಬೇಕು? 1 ಲಕ್ಷ ವರ್ಷ ಎಂದದ್ದು 1,15,000 ಆಗಬಹುದು. ಬೆಣಚಿನ ಕಣಕ್ಕೆ 150-200 ಗ್ರೇ (ವಿಕಿರಣ ಜಮೆಯ ಅಳತೆ) ತುಂಬಿದರೆ ಹೊಟ್ಟೆ ಭರ್ತಿ, ಮುಂದೆ ಹಿಡಿಯುವುದಿಲ್ಲ. ಸಾವಿರ ವರ್ಷಕ್ಕೆ 2 ಗ್ರೇ ಎಂದರೆ 75,000ದಿಂದ 1,00,000 ವರ್ಷಕ್ಕೇ ಮಿತಿ. ಅದಕ್ಕೂ ಹಳೆಯದಕ್ಕೆ ಫೆಲ್ಡ್‌ಸ್ಪಾರ್ ಎಂಬ ಬೇರೆ ಖನಿಜದ ಕಣ ಹಿಡಿಯಬೇಕು.

ಓದುಗ_ಹಾಸನ

ಒಂದು ದಡ್ಡ ಪ್ರಶ್ನೆ. ಉಪ್ಪುಕೆರೆಯ ಪಕ್ಕ ಕೂತು ಅವರು ಕುಡಿಯುತ್ತಿದ್ದುದೇನು?

ನೀರಿನಲೆಕ್ಕ

ದಡ್ಡ ಪ್ರಶ್ನೆ ಅಲ್ಲ, ಇದೇ ಮುಖ್ಯ ಪ್ರಶ್ನೆ. ಕೆರೆ ಎಷ್ಟು ಎತ್ತರ ಇತ್ತು ಎಂದು ಎಲ್ಲರೂ ಕೇಳುತ್ತಾರೆ, ಎಷ್ಟು ಸಿಹಿ ಇತ್ತು ಎಂದು ಕೇಳುವವರು ಕಡಿಮೆ. ನಮ್ಮ ಈಗಿನ ಮಾನದಂಡದಲ್ಲಿ ಕುಡಿಯುವ ನೀರಿನ ಒಟ್ಟು ಲವಣ ಲೀಟರಿಗೆ 500 ಮಿ.ಗ್ರಾಂ., ಬೇರೆ ದಾರಿಯಿಲ್ಲದಿದ್ದರೆ 2000. ಸಮುದ್ರ 35,000. ಕೆರೆ ಮೊಣಕಾಲುದ್ದ ಇಳಿಯುವ ಹೊತ್ತಿಗೆ ಮನುಷ್ಯನಿಗೆ ಆಗದು, ಆದರೆ ಹಲವು ಪ್ರಾಣಿಗಳು ಇನ್ನೂ ಬರುತ್ತಿರುತ್ತವೆ. ಬೇಟೆಗೆ ಅದು ಒಳ್ಳೆಯ ಕಾಲವೇ.

ಕುಡಿಯುವ ನೀರು ದಂಡೆಯ ಮರಳಿನೊಳಗೆ. ಮಳೆನೀರು ದಿಬ್ಬದೊಳಗೆ ಇಂಗಿ, ಜಿಪ್ಸಂ ಅಥವಾ ಜೇಡಿಯ ಪಟ್ಟಿಯ ಮೇಲೆ ನಿಲ್ಲುತ್ತದೆ, ಕೆಳಗಿನ ಉಪ್ಪುನೀರಿಗೆ ಸೇರುವುದಿಲ್ಲ. ರಾಜಸ್ಥಾನದ ‘ಕುಯಿ’ ಬಾವಿಗಳು ಇವತ್ತಿಗೂ ಈ ಪಸೆಯಿಂದಲೇ ತೊಟ್ಟಿಕ್ಕುತ್ತವೆ. ಪಾವಗಡ, ಮಧುಗಿರಿ ಕಡೆಯವರಿಗೆ ತಲಪರಿಗೆ ಎಂದರೆ ತಟ್ಟನೆ ಹೊಳೆದೀತು: ಮೇಲೆ ಒಣಮರಳು, ಕೆದಕಿದರೆ ಒರತೆ. ಅತಿ ಆಸೆಯಿಂದ ಜಿಪ್ಸಂ ಪಟ್ಟಿಯನ್ನೇ ತೂತು ಮಾಡಿದರೆ ಸಿಹಿನೀರು ಕೆಳಗಿಳಿದು ಬಾವಿ ಕೆಡುತ್ತದೆ.

ಹಾಗಾಗಿ ನೆಲೆ ಹುಡುಕುವವರು ಕೆರೆಯ ನಡುವಿನ ಹೂಳಿಗಿಂತ ದಂಡೆಯ ದಿಬ್ಬದ ಬುಡವನ್ನು ನೋಡುವುದು ಲೇಸು.

ಪರಾಗಕಣ

ನೀರು ಸಿಹಿಯೋ ಉಪ್ಪೋ ಎಂಬುದನ್ನು ಡಯಾಟಮ್ ಎಂಬ ಗಾಜಿನ ಚಿಪ್ಪಿನ ಪಾಚಿ ಹೇಳುತ್ತದೆ, ಒಂದೊಂದು ಜಾತಿಗೆ ಒಂದೊಂದು ಲವಣದ ಮಿತಿ. ಸೌದಿಯ ನಫೂದ್ ಮರುಭೂಮಿಯ ಅಲಥರ್‌ನಲ್ಲಿ ಅದು ಸಿಹಿನೀರ ಕೆರೆ ಎಂದು ತಿಳಿದದ್ದು ಹಾಗೆ. ಆ ಕೆರೆತಳದಲ್ಲಿ ಆನೆ, ಒಂಟೆಯ ಹೆಜ್ಜೆಗಳ ಜೊತೆ ಮನುಷ್ಯನ 7 ಹೆಜ್ಜೆಗುರುತು. 2020ರಲ್ಲಿ ಪ್ರಕಟವಾದ ವಯಸ್ಸು 1,21,000ದಿಂದ 1,12,000 ವರ್ಷದ ನಡುವೆ. ಕಲ್ಲಿನ ಉಪಕರಣ ಇಲ್ಲ, ಪ್ರಾಣಿಯ ಮೂಳೆಯ ಮೇಲೆ ಕೊಯ್ದ ಗುರುತೂ ಇಲ್ಲ. ನೀರಿಗೆ ಬಂದು ಹೋಗಿದ್ದಾರೆ, ಅಷ್ಟೆ. ಕೆಸರಿನ ಹೆಜ್ಜೆಯ ಸೂಕ್ಷ್ಮ ವಿವರ 2 ದಿನದಲ್ಲಿ, ಗುರುತೇ 4 ದಿನದಲ್ಲಿ ಅಳಿಯುತ್ತದೆಂದು ಪ್ರಯೋಗ ಮಾಡಿ ನೋಡಿದ್ದಾರೆ. ಅಂದರೆ ಆನೆ, ಮನುಷ್ಯ ಎಲ್ಲರೂ ಕೆಲವೇ ದಿನಗಳ ಅಂತರದಲ್ಲಿ ನಡೆದವರು. ಕಾರ್ಬನ್ನಾಗಲಿ ಬೆಳಕಿನ ವಿಧಾನವಾಗಲಿ ಇಷ್ಟು ಸೂಕ್ಷ್ಮ ಕಾಲ ಕೊಡಲಾರವು.

ಚಕ್ಕೆಕಲ್ಲು

ಅದೇ ನಫೂದ್‌ನ ಖಲ್ ಅಮೈಶಾನ್‌ನಲ್ಲಿ 4, 3, 2 ಲಕ್ಷ, 1,30,000-75,000, 55,000 ಹೀಗೆ ಐದು ಒದ್ದೆಕಾಲದ ಕೆರೆಗಳು, ಒಂದೊಂದರ ಜೊತೆಗೂ ಬೇರೆ ಬೇರೆ ಬಗೆಯ ಕಲ್ಲುಗೆಲಸ. ಅಲ್ಲಿ ಜನ ನಿಜಕ್ಕೂ ಮಳೆಯ ಜೊತೆ ಬಂದು ಹೋದವರು. ಸಹಾರಾದಲ್ಲೂ ಹಾಗೆ: ನೈಜರ್‌ನ ಗೊಬೆರೋದಲ್ಲಿ ಕ್ರಿ.ಪೂ. 7700-6200ರ ಕಿಫಿಯನ್ ಜನ ಮೂಳೆಯ ಈಟಿಯಿಂದ ದೊಡ್ಡ ಮೀನು ಹಿಡಿದರು, ಆಮೇಲೆ ಸಾವಿರ ವರ್ಷ ಖಾಲಿ, ಕ್ರಿ.ಪೂ. 5200ರಿಂದ ಬಂದ ಟೆನೇರಿಯನ್ ಜನ ದನ ಸಾಕುವವರು. ಅದೇ ದಂಡೆ, ಅದೇ ಸ್ಮಶಾನ, ಬೇರೆ ಜನ. ಥಾರ್‌ಗೆ ಹಿಮಾಲಯದ ನದಿಗಳ ಅಂಚೂ ಇದೆ, ಅರಾವಳಿಯ ಬಂಡೆಯೂ ಹತ್ತಿರ. ತಪ್ಪಿಸಿಕೊಳ್ಳಲು ಜಾಗ ಇತ್ತು. ನಫೂದ್‌ನ ಕಥೆ ತಂದು ಥಾರ್‌ಗೆ ಹೊದಿಸಿದರೆ ಸರಿಹೋಗದು.

ಕೆಸರುಪದರ

ಮೊದಲಿನ ಪ್ರಶ್ನೆಯ ಉಳಿದರ್ಧ. ಹರಪ್ಪ ಶುರುವಾದಾಗ ಲೂಣಕರಣಸರ್ ಬತ್ತಿ ಸಾವಿರ ವರ್ಷ. ಹರಪ್ಪ ಮುಗಿಯುವಾಗ? ಹರಿಯಾಣದ ಮೇವಾತ್‌ನ ಕೋಟ್ಲಾ ದಹರ್ ಕೆರೆಯ ಶಂಖದ ಚಿಪ್ಪುಗಳಲ್ಲಿ ಭಾರದ ಆಮ್ಲಜನಕ 4100 ವರ್ಷದ ಸುಮಾರಿಗೆ ಸಾವಿರಕ್ಕೆ 4ರಷ್ಟು ಏರಿದೆ (2014ರ ಅಧ್ಯಯನ). ಹಗುರ ಆಮ್ಲಜನಕ ಬೇಗ ಆವಿಯಾಗಿ ಭಾರದ್ದು ಉಳಿಯುತ್ತದೆ, ಹಾಗಾಗಿ ಏರಿತೆಂದರೆ ಆವಿ ಹೆಚ್ಚು, ಮಳೆ ಕಡಿಮೆ. ಇದು ತಿದ್ದಿದ ವರ್ಷ. ಅಂದರೆ ಕ್ರಿ.ಪೂ. 2150, ನಗರಗಳು ಇನ್ನೂ ಇದ್ದ ಕಾಲ. ಸಿಂಗ್ ಅವರ ಮಾತಿನ ಎರಡನೇ ಅರ್ಧಕ್ಕೆ, ಅಂದರೆ ಕುಸಿತದ ಅರ್ಧಕ್ಕೆ, ಇದರಿಂದ ಒಂದಿಷ್ಟು ಬಲ ಬಂತು. ಮೊದಲ ಅರ್ಧಕ್ಕೆ ಬರಲಿಲ್ಲ.

ಓದುಗ_ಹಾಸನ

ಕಲಿತದ್ದನ್ನು ಪರೀಕ್ಷೆ ಮಾಡಿಕೊಳ್ಳುತ್ತೇನೆ. ಭೀಲ್ವಾಡಾ ಜಿಲ್ಲೆಯ ಬಾಗೋರ್, ಕೊಠಾರಿ ನದಿದಂಡೆಯ ದಿಬ್ಬ, 1967-70ರಲ್ಲಿ ಅಗೆದದ್ದು, ಸೂಕ್ಷ್ಮಶಿಲೆಗಳು. ಹಳೆಯ ಪುಸ್ತಕದಲ್ಲಿ ಮೊದಲ ಹಂತ ಕ್ರಿ.ಪೂ. 5000 ಎಂದಿದೆ. ಇದಕ್ಕೆ 1950 ಸೇರಿಸಿ 6950 ಕಾರ್ಬನ್ ವರ್ಷ, ತಿದ್ದಿದರೆ 7800ರ ಹತ್ತಿರ. ಲೂಣಕರಣಸರ್ ತುಂಬುವುದಕ್ಕೂ ಮೊದಲೇ ಬಾಗೋರ್ ಶುರು. ಸರಿಯೇ?

ಕೆಸರುಪದರ

ದಾರಿ ಸರಿ, ಎರಡು ಕಡೆ ಜಾರಿದ್ದೀರಿ. ಪುಸ್ತಕದ 5000 ಪ್ರಯೋಗಾಲಯದ ಸಂಖ್ಯೆ ಅಲ್ಲ, ಅಗೆದವರು ದುಂಡಾಗಿಸಿದ ಅಂದಾಜು. ಅದನ್ನು ತಿದ್ದಲು ಬರುವುದಿಲ್ಲ. ‘ಟಿಎಫ್’ ಎಂದು ಶುರುವಾಗುವ ಮಾದರಿ ಸಂಖ್ಯೆಯ ಜೊತೆ ಅಚ್ಚಾದ ಮೂಲ ವಯಸ್ಸು ಹುಡುಕಿ, ಅದು ಟಾಟಾ ಇನ್‌ಸ್ಟಿಟ್ಯೂಟ್ ಆಫ್ ಫಂಡಮೆಂಟಲ್ ರಿಸರ್ಚ್‌ನ ಗುರುತು.

ಸಿಕ್ಕ ಮೇಲೂ ಅರ್ಧಾಯುಷ್ಯ (ಕಾರ್ಬನ್-14 ಅರ್ಧಕ್ಕೆ ಇಳಿಯಲು ಹಿಡಿಯುವ ಕಾಲ) ನೋಡಿಕೊಳ್ಳಿ. ತಿದ್ದುವ ರೇಖೆಗೆ 5568 ವರ್ಷದ ಅರ್ಧಾಯುಷ್ಯದ ವಯಸ್ಸನ್ನೇ ಕೊಡಬೇಕು. ಆ ಕಾಲದ ನಮ್ಮ ಪಟ್ಟಿಗಳಲ್ಲಿ 5730ರ ಲೆಕ್ಕದ ವಯಸ್ಸೂ ಅಚ್ಚಾಗುತ್ತಿತ್ತು, ಅದು 3% ದೊಡ್ಡದು. 6180 ಎಂದು ಕಂಡು, ಪಕ್ಕದಲ್ಲಿ 5730 ಎಂದಿದ್ದರೆ, 1.03ರಿಂದ ಭಾಗಿಸಿ 6000 ಮಾಡಿಕೊಂಡು ಆಮೇಲೆ ತಂತ್ರಾಂಶಕ್ಕೆ ಹಾಕಿ. ಎರಡೂ ಸಂಖ್ಯೆ ಅಚ್ಚಾಗಿದ್ದರೆ ಚಿಕ್ಕದನ್ನು ತೆಗೆದುಕೊಳ್ಳಿ. ಸಿಕ್ಕರೆ ಇಲ್ಲೇ ಹಾಕಿ, ಹೆಚ್ಚು-ಕಡಿಮೆಯ ಅಂಕಿಯನ್ನೂ ಸೇರಿಸಿ.